ಕಲ್ಲುಹೂವಿನ ಜಾತಿನಿರ್ಣಯ

ಹುಣಸೂರಿನಿಂದ ನಾಗರಹೊಳೆಯ ಅರಣ್ಯಕ್ಕೆ ಹೋಗುವ ಮಾರ್ಗದಲ್ಲಿ, ಕಾಡಿನ ಅಂಚಿಗೆ ತಗುಲಿಕೊಂಡಂತೆ, ವೀರನಹೊಸಹಳ್ಳಿಯೆಂಬ ಗ್ರಾಮವುಂಟು. ಇಲ್ಲಿಂದ ಮುಂದಕ್ಕೆ ರಾಷ್ಟ್ರೀಯ ಉದ್ಯಾನದ ಎಲ್ಲೆಯು ಮೊದಲಾಗುತ್ತದೆ. ಈ ಸೀಮೆಯಲ್ಲಿ ನೆಲದಿಂದ ಮೇಲೆದ್ದಿರುವ ಬಂಡೆಗಳನ್ನೂ, ಹೊಲದ ಬದುಗಳಲ್ಲಿ ನಿಂತ ಹಳೆಯ ಕಲ್ಲುಗಳನ್ನೂ ನೋಡಿದರೆ, ಅವುಗಳ ಮೈಮೇಲೆ ಬೂದು, ಹಳದಿ, ಕಿತ್ತಳೆ, ಕಪ್ಪು ಮೊದಲಾದ ವರ್ಣಗಳ ಮಚ್ಚೆಗಳು ಕಾಣಬರುವುವು. ನೋಡುವವರಲ್ಲಿ ಬಹುಮಂದಿ ಇವನ್ನು ಕಲ್ಲಿನ ಬಣ್ಣವೆಂದೇ ತಿಳಿಯುವರು, ಕೆಲವರು ಪಾಚಿಯೆನ್ನುವರು, ಕೋಶಗಳನ್ನು ಓದಿದವರು ಶೈಲೇಯವೆನ್ನುವರು. ಮೊದಲನೆಯ ಮಾತು ತಪ್ಪು, ಎರಡನೆಯದು ಅರ್ಧ ಸರಿ. ಮೂರನೆಯದು ಸರಿಯಾದರೂ, ಯಾವ ಶೈಲೇಯವೆಂಬ ಪ್ರಶ್ನೆಯನ್ನು ಹಾಗೆಯೇ ಉಳಿಸಿಬಿಡುತ್ತದೆ. ಏಕೆಂದರೆ ಆ ಒಂದು ಹೆಸರಿನ ಕೆಳಗೆ ಭಾರತದಲ್ಲಿಯೇ ಎರಡು ಸಾವಿರಕ್ಕೆ ಮಿಕ್ಕ ಜಾತಿಗಳು ಅಡಗಿರುವುವು.

ಈ ವಿಚಾರವು ಸಸ್ಯಶಾಸ್ತ್ರಜ್ಞರಿಗೆ ಸೇರಿದುದೆಂದು ಸಾಹಿತ್ಯದ ವಿದ್ವಾಂಸರು ಕೈಬಿಡಲಾಗದು. ಕನ್ನಡನಾಡಿನ ಶಾಸನಗಳು ಬಹುಮಟ್ಟಿಗೆ ಬಯಲಿನಲ್ಲಿ ನಿಂತಿರುವುವು. ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಬಯಲಿನಲ್ಲೇ ನಿಂತ ಕಲ್ಲುಗಳು ನೂರಿಪ್ಪತ್ತೈದು ಮಳೆಗಾಲಗಳಿಗೂ ಮೇಲ್ಪಟ್ಟು ನೆನೆದಿರುವುವು. ಅವುಗಳ ಅಕ್ಷರಗಳ ಮೇಲೆ ಬೆಳೆದಿರುವುದು ಯಾವುದು, ಅದನ್ನು ಕೆರೆದು ತೆಗೆಯಬಹುದೇ, ತೆಗೆದರೆ ಅಕ್ಷರವು ಉಳಿಯುವುದೇ ಎಂಬುದು ಶಾಸನವನ್ನು ಓದಹೊರಟವನಿಗೆ ಒದಗುವ ಮೊದಲನೆಯ ಪ್ರಶ್ನೆ. ಇದಕ್ಕೆ ಉತ್ತರವು ಆ ವಸ್ತುವಿನ ಪರಿಚಯದಿಂದಲ್ಲದೆ ದೊರೆಯದು.

ಮೊದಲು ಹೆಸರಿನ ವಿಚಾರ. ಅಮರಕೋಶದ ವನೌಷಧಿವರ್ಗದಲ್ಲಿ ಕಾಲಾನುಸಾರ್ಯ, ವೃದ್ಧ, ಅಶ್ಮಪುಷ್ಪ, ಶೀತಶಿವ, ಶೈಲೇಯ ಎಂಬ ಐದು ಪರ್ಯಾಯಪದಗಳು ಒಟ್ಟಿಗೆ ಬರುತ್ತವೆ. ಇವುಗಳಲ್ಲಿ ಅಶ್ಮಪುಷ್ಪವೆಂಬುದು ಕನ್ನಡದ ಕಲ್ಲುಹೂವಿಗೆ ಪದಕ್ಕೆ ಪದವಾಗಿ ಹೊಂದುತ್ತದೆ. ಆದರೆ ಉಳಿದ ಹೆಸರುಗಳಲ್ಲಿ ತೊಡಕುಂಟು. ಶೀತಶಿವವೆಂಬ ಪದವೇ ಅದೇ ಕೋಶದ ವೈಶ್ಯವರ್ಗದಲ್ಲಿ ಸೈಂಧವಲವಣಕ್ಕೂ ಹೆಸರಾಗಿ ಬಂದಿದೆ. ಕಾಲಾನುಸಾರ್ಯವು ಮನುಷ್ಯವರ್ಗದಲ್ಲಿ ಅನುಲೇಪನದ್ರವ್ಯಗಳ ನಡುವೆ ಕಾಲೀಯಕಕ್ಕೆ ಪರ್ಯಾಯವಾಗಿ ಮರಳಿ ಕಾಣಿಸುತ್ತದೆ. ಇನ್ನು ಅಶ್ಮಜವೆಂದರೆ ಶಿಲಾಜತು, ಅಶ್ಮಪುಷ್ಪವೆಂದರೆ ಕಲ್ಲುಹೂವು. ಎರಡು ಪದಗಳಿಗೂ ಪೂರ್ವಪದವು ಒಂದೇ ಆಗಿರುವುದರಿಂದ, ಬಂಡೆಯಿಂದ ಒಸರುವ ಜಿಗುಟಾದ ದ್ರವ್ಯವನ್ನೂ ಬಂಡೆಯ ಮೇಲೆ ಬೆಳೆಯುವ ಜೀವಿಯನ್ನೂ ಒಂದಾಗಿ ಎಣಿಸುವ ಭ್ರಾಂತಿಗೆ ಎಡೆಯಾಗುತ್ತದೆ. ಪಾಷಾಣಭೇದವೆಂಬುದಂತೂ ಬೇರೆಯೇ ಒಂದು ಹೂಬಿಡುವ ಗಿಡ. ಹೆಸರಿನಲ್ಲಿ ಪಾಷಾಣವಿದ್ದ ಮಾತ್ರಕ್ಕೆ ಅದನ್ನು ಇಲ್ಲಿಗೆ ಎಳೆದು ತರಬೇಕಾದುದಿಲ್ಲ.

ಹೀಗೆಯೇ ಶೈವಲವು ಬೇರೆ, ಶೈಲೇಯವು ಬೇರೆ. ಶೈವಲಕ್ಕೆ ಅಮರಸಿಂಹನು ವಾರಿವರ್ಗದಲ್ಲಿ ಸ್ಥಾನವನ್ನು ಕೊಟ್ಟು ಜಲನೀಲಿಯೆಂದು ಪರ್ಯಾಯವನ್ನು ಹೇಳಿರುವನು. ಕವಿಗಳು ತಾವರೆಗೆ ಹೊದಿಸುವುದು ಈ ಶೈವಲವನ್ನು. ಕನ್ನಡದಲ್ಲಿ ಪಾಚಿ, ಹಾವಸೆ ಎಂಬ ಮಾತುಗಳು ನೀರಿನ ಶೈವಲಕ್ಕೂ, ಮಳೆಗಾಲದಲ್ಲಿ ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುವ ಚಿಕ್ಕ ಎಲೆಗಳ ಸಸ್ಯಕ್ಕೂ, ಕೆಲವೆಡೆ ಕಲ್ಲುಹೂವಿಗೂ ಸಮಾನವಾಗಿ ಸಲ್ಲುವುವು. ಪಾಠಶಾಲೆಗಳಲ್ಲಿ ಈ ಮೂರನ್ನೂ ಪಾಚಿಯೆಂದೇ ಹೇಳಿಕೊಡುವ ವಾಡಿಕೆಯು ತಪ್ಪಬೇಕು. ಗೋಡೆಯ ಹಸಿರು ಸಸ್ಯಕ್ಕೆ ಕಾಂಡವೂ ಎಲೆಯೂ ಉಂಟು. ಕಲ್ಲುಹೂವಿಗೆ ಇವೆರಡೂ ಇಲ್ಲ. ನೀರಿನ ಶೈವಲವು ಒಣಗಿದರೆ ಬಹುಮಟ್ಟಿಗೆ ಸಾಯುತ್ತದೆ. ಕಲ್ಲುಹೂವು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹಪ್ಪಳದಂತೆ ಒಣಗಿದ್ದು, ಮೊದಲ ಮಳೆ ಬಿದ್ದ ಕೆಲವು ನಿಮಿಷಗಳಲ್ಲಿಯೇ ಚೇತರಿಸಿಕೊಳ್ಳುತ್ತದೆ.

ಇದರ ಸ್ವರೂಪವೇನೆಂಬುದು ಪಾಶ್ಚಾತ್ಯ ಶಾಸ್ತ್ರಜ್ಞರಿಗೂ ಬಹುಕಾಲ ತಿಳಿದಿರಲಿಲ್ಲ. ಸ್ವೀಡನ್ ದೇಶದ ಲಿನ್ನೇಯಸನು 1753ರಲ್ಲಿ ಸಸ್ಯಗಳನ್ನೆಲ್ಲ ವಿಂಗಡಿಸಿದಾಗ ಇವೆಲ್ಲವನ್ನೂ ‘ಲೈಕೆನ್’ ಎಂಬ ಒಂದೇ ಕುಲದಲ್ಲಿ ತುಂಬಿ ಮುಂದಕ್ಕೆ ನಡೆದನು. ಅವನ ಶಿಷ್ಯನಾದ ಎರಿಕ್ ಅಕಾರಿಯಸನು 1803ರಲ್ಲಿಯೂ 1810ರಲ್ಲಿಯೂ ಹೊರತಂದ ಗ್ರಂಥಗಳಲ್ಲಿ ಅನೇಕ ಕುಲಗಳನ್ನು ಬೇರ್ಪಡಿಸಿ ಈ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದನು. ಆದರೂ ಅವನ ಕಣ್ಣಿಗೆ ಇದು ಒಂದೇ ಜೀವಿ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರನು ಇದು ಒಂದಲ್ಲ, ಎರಡು ಎಂದು ಸಾರಿದನು: ಅಣಬೆಯ ಜಾತಿಗೆ ಸೇರಿದ ಒಂದು ಶಿಲೀಂಧ್ರವು ತನ್ನ ನೂಲುಗಳ ನಡುವೆ ಸೂಕ್ಷ್ಮವಾದ ಪಾಚಿಯ ಕಣಗಳನ್ನು ಹಿಡಿದಿಟ್ಟುಕೊಂಡಿರುವುದೇ ಕಲ್ಲುಹೂವು. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ಕಟ್ಟುತ್ತದೆ. ಶಿಲೀಂಧ್ರವು ಮೈಯನ್ನೂ, ತೇವವನ್ನೂ, ಬಿಸಿಲಿನಿಂದ ಮರೆಯನ್ನೂ ಒದಗಿಸುತ್ತದೆ. ಅಂದಿನ ಲೈಕೆನ್‌ಶಾಸ್ತ್ರದಲ್ಲಿ ಅಗ್ರಗಣ್ಯನಾಗಿದ್ದ ವಿಲಿಯಂ ನೈಲಾಂಡರನು ಈ ಮಾತನ್ನು ಕೊನೆಯವರೆಗೂ ಒಪ್ಪಲಿಲ್ಲ. ವಿಷಯವನ್ನು ಎಲ್ಲರಿಗಿಂತ ಹೆಚ್ಚು ಬಲ್ಲವನೇ ಹೊಸ ನಿರ್ಣಯಕ್ಕೆ ಎಲ್ಲರಿಗಿಂತ ಹೆಚ್ಚು ಅಡ್ಡನಿಲ್ಲುವುದು ನಮ್ಮ ದೇಶದ ವಾದಗಳಲ್ಲಿಯೂ ಕಂಡುದೇ.

ವೈಯಾಕರಣರು ಇದನ್ನು ಸಮಾಸದ ಮಾತಿನಲ್ಲಿ ವಿಚಾರಿಸಬಹುದು. ಶ್ವೆಂಡೆನರನ ದೃಷ್ಟಿಯಲ್ಲಿ ಶಿಲೀಂಧ್ರವು ಒಡೆಯ, ಪಾಚಿಯು ಸೆರೆಯಾಳು. ಅದು ಒಂದು ಪದವೇ ಪ್ರಧಾನವಾದ ತತ್ಪುರುಷದಂತೆ. ಅನಂತರ 1878ರಲ್ಲಿ ಡಿ ಬಾರಿಯು ಸಹಜೀವನವೆಂಬ ತತ್ತ್ವವನ್ನು ನಿರೂಪಿಸಿದಾಗ ಅದು ಉಭಯಪದಾರ್ಥಪ್ರಧಾನವಾದ ದ್ವಂದ್ವವಾಯಿತು. ಆದರೆ ಕಲ್ಲುಹೂವಿನ ಆಕಾರವು ಶಿಲೀಂಧ್ರವನ್ನೂ ಹೋಲದು, ಪಾಚಿಯನ್ನೂ ಹೋಲದು. ಪ್ರಯೋಗಶಾಲೆಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಬೆಳೆಸಿದರೆ ಎರಡಕ್ಕೂ ಆ ರೂಪವು ಬರುವುದಿಲ್ಲ. ಆದುದರಿಂದ ಅನ್ಯಪದಾರ್ಥಪ್ರಧಾನವಾದ ಬಹುವ್ರೀಹಿಯೆನ್ನುವುದೇ ಯುಕ್ತವೆಂದು ತೋರುತ್ತದೆ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಅವರ ಸಹಾಯಕರು ಅನೇಕ ಲೈಕೆನ್‌ಗಳ ಹೊರಪದರದಲ್ಲಿ ಮೂರನೆಯದಾದ ಒಂದು ಕಿಣ್ವಜಾತಿಯ ಶಿಲೀಂಧ್ರವೂ ಇರುವುದನ್ನು ತೋರಿಸಿದ ಮೇಲೆ ಸಮಾಸಕ್ಕೆ ಪದಗಳು ಇನ್ನೂ ಹೆಚ್ಚಿದಂತಾಯಿತು; ಆದರೆ ಇದು ಎಲ್ಲ ಜಾತಿಗಳಲ್ಲಿಯೂ ಕಂಡುಬಂದುದಲ್ಲ. ಏನೇ ಆಗಲಿ, ನಾಮಕರಣದಲ್ಲಿ ಮಾತ್ರ ಶಾಸ್ತ್ರಜ್ಞರು ತತ್ಪುರುಷವನ್ನೇ ಹಿಡಿದಿರುವರು: ಲೈಕೆನ್ನಿಗೆ ಇಟ್ಟ ಹೆಸರು ಅದರಲ್ಲಿನ ಮುಖ್ಯ ಶಿಲೀಂಧ್ರಕ್ಕೆ ಸಲ್ಲುವುದೆಂಬುದು ಅಂತರರಾಷ್ಟ್ರೀಯ ನಿಯಮ. ಪಾಚಿಗೆ ಅದರ ಹೆಸರು ಬೇರೆ.

ಇನ್ನು ಜಾತಿನಿರ್ಣಯ. ನೈಯಾಯಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳಿರುವರಷ್ಟೆ. ಕಲ್ಲುಹೂವನ್ನು ಗುರುತಿಸುವುದರಲ್ಲಿ ನಡೆಯುವ ತಪ್ಪುಗಳೆಲ್ಲ ಮೊದಲೆರಡು ದೋಷಗಳಲ್ಲಿ ಅಡಗುವುವು. ಬಣ್ಣವನ್ನೇ ಲಕ್ಷಣವಾಗಿ ಹಿಡಿದರೆ ಎರಡೂ ಒಟ್ಟಿಗೆ ಬಂದೊದಗುತ್ತವೆ. ಒಣಗಿದಾಗ ಬೂದಾಗಿ ಕಾಣುವ ಜಾತಿಯು ನೆನೆದಾಗ ಹಸಿರಾಗುತ್ತದೆ; ಹೊರಪದರವು ನೀರುಂಡು ಪಾರದರ್ಶಕವಾಗಿ ಒಳಗಿನ ಪಾಚಿಯು ತೋರುವುದೇ ಇದಕ್ಕೆ ಕಾರಣ. ಬೂದುಬಣ್ಣವನ್ನು ಲಕ್ಷಣವೆಂದರೆ ಮಳೆಗಾಲದಲ್ಲಿ ಅವ್ಯಾಪ್ತಿ. ಹಳದಿಯನ್ನು ಲಕ್ಷಣವೆಂದರೆ ಅತಿವ್ಯಾಪ್ತಿ. ಕ್ಯಾಂಡೆಲಾರಿಯೆಲ್ಲ, ಅಕರೋಸ್ಪೋರ, ಕ್ಯಾಲೊಪ್ಲಾಕ ಎಂಬ ಮೂರು ಬೇರೆಬೇರೆ ಕುಲಗಳಲ್ಲಿಯೂ ಹಳದಿಯ ಜಾತಿಗಳುಂಟು.

ಅದಕ್ಕಿಂತ ಮೊದಲು, ಕಲ್ಲಿನ ಮೇಲಿನ ಮಚ್ಚೆಯು ಕಲ್ಲುಹೂವು ಹೌದೇ ಎಂಬುದು ನಿಶ್ಚಯವಾಗಬೇಕು. ಕಬ್ಬಿಣದ ಅಂಶವು ಕರಗಿ ಹರಿದ ಕಿತ್ತಳೆಯ ಕಲೆ, ಸುಣ್ಣದ ಬಿಳಿಯ ಹೆಪ್ಪು, ಹಕ್ಕಿಗಳ ಹಿಕ್ಕೆ, ಇವೆಲ್ಲ ದೂರದಿಂದ ಹಾಗೆಯೇ ತೋರುವುವು. ದೊಡ್ಡ ಬಂಡೆಗಳ ಮೇಲೆ ಮಳೆಯ ನೀರು ಇಳಿಯುವ ದಾರಿಯಲ್ಲಿ ಕಾಣುವ ಉದ್ದವಾದ ಕಪ್ಪು ಪಟ್ಟೆಗಳಲ್ಲಿಯೂ ಬಹುಭಾಗ ನೀಲಹಸಿರು ಪಾಚಿಯೇ ಹೊರತು ಕಲ್ಲುಹೂವಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಂತಹ ಬೋಳುಬೆಟ್ಟಗಳನ್ನು ನೋಡುವವರು ಇದನ್ನು ನೆನೆಯಬೇಕು. ಪರೀಕ್ಷೆಯು ಸುಲಭ. ಹತ್ತು ಪಾಲು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಕಲ್ಲುಹೂವಿಗೆ ಅಂಚು, ಬಿರುಕುಗಳ ಕ್ರಮ, ಬಟ್ಟಲುಗಳು ತೋರುವುವು. ಸಾಲದಿದ್ದರೆ ಸೂಜಿಯ ಮೊನೆಯಿಂದ ಒಂದು ಎಳ್ಳಿನಷ್ಟು ಜಾಗವನ್ನು ಗೀರಬೇಕು. ಹೊರಪದರದ ಕೆಳಗೆ ಹಸಿರು ಗೆರೆಯು ಕಂಡರೆ ಅದು ಜೀವವಿರುವ ಕಲ್ಲುಹೂವೇ ಸರಿ. ನೀಲಹಸಿರು ಪಾಚಿಯೊಡನೆ ಕೂಡಿದ ಜಾತಿಗಳಲ್ಲಿ ಈ ಗೆರೆಯು ಹಾಗೆ ಬೇರ್ಪಟ್ಟು ಕಾಣದೆ, ಒಳಗೆಲ್ಲ ಕಪ್ಪುಹಸಿರಾಗಿ, ನೆನೆದಾಗ ಕೆಲವು ಲೋಳೆಯಂತಾಗುವುವು.

ಮೈಕಟ್ಟಿನಿಂದ ಮಾಡುವ ವಿಂಗಡಣೆಯು ಎಲ್ಲಕ್ಕಿಂತ ಹಳೆಯದು, ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುವುದು. ಗಾಯದ ಮೇಲಿನ ಹಕ್ಕಳೆಯಂತೆ ಕಲ್ಲಿಗೆ ಕಚ್ಚಿಕೊಂಡು, ಕಲ್ಲನ್ನು ಚಕ್ಕೆಯೆಬ್ಬಿಸದೆ ಬಿಡಿಸಲಾಗದಂತಿರುವುದು ಒಂದು ಬಗೆ. ಇದನ್ನು ಹಕ್ಕಳೆಯ ಬಗೆಯೆನ್ನಬಹುದು. ಎಲೆಯಂತೆ ಹರಡಿ, ಮೇಲುಮೈ ಕೆಳಮೈಗಳು ಬೇರೆಬೇರೆಯಾಗಿದ್ದು, ಕೆಳಗಿನ ಬೇರುನೂಲುಗಳಿಂದ ಕಲ್ಲನ್ನು ಹಿಡಿದಿರುವುದು ಎಲೆಯ ಬಗೆ. ಪೊದೆಯಂತೆ ಕವಲೊಡೆದು ನಿಲ್ಲುವುದು ಅಥವಾ ಜೋಲುವುದು ಮೂರನೆಯದು. ಇವಲ್ಲದೆ ಮೀನಿನ ಪೊರೆಯಂತಹ ಚಿಕ್ಕ ಚಿಪ್ಪುಗಳ ಬಗೆಯೊಂದು, ಬರಿಯ ಹುಡಿಯಂತಿರುವ ಬಗೆಯೊಂದು ಉಂಟು. ಕಾಡಿನಂಚಿನ ಒಣಬಂಡೆಗಳಲ್ಲಿ ಹಕ್ಕಳೆಯದೇ ಮೇಲುಗೈ. ಪೊದೆಯ ಬಗೆಗೆ ತೇವವಾದ ಗಾಳಿಯೂ ಮಂಜೂ ಬೇಕಾದುದರಿಂದ ಅದನ್ನು ಕೊಡಗಿನ ಕಡೆಯ ಎತ್ತರದ ಮಲೆಗಳ ಮರಗಳಲ್ಲಿ ಹುಡುಕತಕ್ಕುದು. ಆದರೆ ಮೈಕಟ್ಟು ಕುಲವನ್ನು ನಿರ್ಣಯಿಸದು. ಒಂದೇ ಮನೆತನದಲ್ಲಿ ಹಕ್ಕಳೆಯೂ ಎಲೆಯೂ ಹುಟ್ಟಬಹುದು. ದೂರದ ಮನೆತನಗಳೆರಡು ಒಂದೇ ಆಕಾರವನ್ನು ತಾಳಬಹುದು. ಇಷ್ಟೇ ಅಲ್ಲ, ಕೆಲವು ಶಿಲೀಂಧ್ರಗಳು ಹಸಿರು ಪಾಚಿಯೊಡನೆ ಕೂಡಿದಾಗ ಒಂದು ರೂಪವನ್ನೂ ನೀಲಹಸಿರಿನೊಡನೆ ಕೂಡಿದಾಗ ಮತ್ತೊಂದು ರೂಪವನ್ನೂ ಧರಿಸುವುದುಂಟು. ಆಕೃತಿಯೇ ಜಾತಿಗೆ ವ್ಯಂಜಕವೆಂಬ ಮಾತಿಗೆ ಇಲ್ಲಿ ಎಚ್ಚರಿಕೆಯು ಅವಶ್ಯ.

ಇದರ ಮುಂದಿನ ಹೆಜ್ಜೆ ಫಲವನ್ನು ನೋಡುವುದು. ಹಕ್ಕಳೆಯ ಮೇಲೆ ಒಂದು ಮಿಲ್ಲಿಮೀಟರಿನಷ್ಟೋ ಅದಕ್ಕೂ ಕಡಮೆಯೋ ಅಗಲವಾದ ದುಂಡು ಬಟ್ಟಲುಗಳಿರುವುವು. ಶಿಲೀಂಧ್ರದ ಬೀಜಕಣಗಳು ಹುಟ್ಟುವುದು ಅಲ್ಲಿಯೇ. ಈ ಬಟ್ಟಲಿನ ಅಂಚು ಮೈಯ ಬಣ್ಣದ್ದೇ ಆಗಿ ಅದರಲ್ಲಿಯೂ ಪಾಚಿಯಿದ್ದರೆ ಲೆಕನೋರ, ರೈನೋಡಿನ ಮೊದಲಾದ ಕುಲಗಳತ್ತ ದೃಷ್ಟಿಯನ್ನು ಹರಿಸಬೇಕು. ಅಂಚೂ ತಟ್ಟೆಯೂ ಕರಿದಾಗಿ, ಮೈಯ ಅಂಚು ಅದಕ್ಕಿಲ್ಲದಿದ್ದರೆ ಬ್ಯುಯೆಲ್ಲಿಯ, ಲೆಸಿಡಿಯ ಮೊದಲಾದುವು. ಬಟ್ಟಲಿಗೆ ಬದಲಾಗಿ, ಮೈಯಲ್ಲಿ ಹೂತ ಚಿಕ್ಕ ಕುಪ್ಪಿಗಳ ಬಾಯಿ ಮಾತ್ರ ಕರಿಯ ಚುಕ್ಕಿಯಂತೆ ತೋರಿದರೆ ವೆರುಕಾರಿಯದ ಕಡೆಯದು; ಈ ಬಗೆಯವುಗಳಲ್ಲಿ ಕೆಲವು ನೀರಿನ ನೆರೆಯನ್ನು ಬಯಸುವುದರಿಂದ, ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ನೀರೆರಚುವಂತಹ ಬಂಡೆಗಳಲ್ಲಿ ಇಂತಹವನ್ನು ಹುಡುಕುವುದು ಯುಕ್ತ. ಬಿಸಿಲುಬಂಡೆಯ ಮೇಲೆ, ನೀರಿಳಿಯುವ ಗೆರೆಯಲ್ಲಿ, ಕಂದುಹಸಿರಿನ ಚಿಪ್ಪುಗಳು ಒಂದೊಂದೂ ನಡುವಿನ ಒಂದೇ ಹೊಕ್ಕುಳಿನಿಂದ ಕಲ್ಲಿಗೆ ಅಂಟಿದ್ದರೆ ಪೆಲ್ಟುಲವೆಂಬ ಕುಲವನ್ನು ಊಹಿಸಬಹುದು.

ಆದರೆ ಇಲ್ಲಿಯೂ ಊಹೆಯೇ. ರೈನೋಡಿನಕ್ಕೂ ಲೆಕನೋರಕ್ಕೂ ಬಟ್ಟಲು ಒಂದೇ ಬಗೆ. ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟಾಗ ಮಾತ್ರ ಲೆಕನೋರದ ಬೀಜಕಣವು ಬಣ್ಣವಿಲ್ಲದ ಒಂದೇ ಕೋಣೆಯದೆಂದೂ, ರೈನೋಡಿನದ್ದು ಕಂದುಬಣ್ಣದ ಎರಡು ಕೋಣೆಗಳದೆಂದೂ ತಿಳಿಯುವುದು. ಬ್ಯುಯೆಲ್ಲಿಯದ ಬೀಜಕಣವೂ ಸಾಮಾನ್ಯವಾಗಿ ಕಂದು, ಎರಡು ಕೋಣೆ. ಅಲ್ಲಿ ಭೇದವು ಬಟ್ಟಲಿನ ಅಂಚಿನಲ್ಲಿ. ಹೀಗೆ ಒಂದರಲ್ಲಿ ಬಟ್ಟಲು ಬೇರ್ಪಡಿಸಲಾರದುದನ್ನು ಬೀಜಕಣವೂ, ಮತ್ತೊಂದರಲ್ಲಿ ಬೀಜಕಣವು ಬೇರ್ಪಡಿಸಲಾರದುದನ್ನು ಬಟ್ಟಲೂ ಬೇರ್ಪಡಿಸುತ್ತವೆ. ಒಂದು ಚೀಲದಲ್ಲಿ ಎಂಟು ಬೀಜಕಣಗಳಿರುವುದು ಹೆಚ್ಚಾಗಿ ಕಾಣುವ ಕ್ರಮ. ಅಕರೋಸ್ಪೋರದಲ್ಲಿ ನೂರಕ್ಕೂ ಹೆಚ್ಚು. ಕ್ಯಾಲೊಪ್ಲಾಕದಲ್ಲಿ ಎರಡು ಕೋಣೆಗಳು ಕಣದ ಎರಡು ತುದಿಗಳಿಗೆ ಸರಿದು ನಡುವೆ ಸಣ್ಣ ನಾಳವೊಂದು ಕೂಡಿಸಿರುತ್ತದೆ. ಇದನ್ನು ಒಮ್ಮೆ ಕಂಡವರು ಮರೆಯಲಾರರು.

ಫಲವೇ ಇಲ್ಲದ ಜಾತಿಗಳೂ ಉಂಟು. ಅವು ಮೈಯಿಂದ ಹುಡಿಯನ್ನೋ ಸಣ್ಣ ಕಡ್ಡಿಗಳನ್ನೋ ಉದುರಿಸಿ ವಂಶವನ್ನು ಬೆಳೆಸುವುವು. ಶಿಲೀಂಧ್ರವೂ ಪಾಚಿಯೂ ಒಟ್ಟಿಗೇ ಸಾಗುವುದು ಈ ಹುಡಿಯಲ್ಲಿ. ಬೀಜಕಣದಲ್ಲಿ ಶಿಲೀಂಧ್ರವೊಂದೇ ಹೊರಟು ಹೊಸ ಪಾಚಿಯನ್ನು ಹುಡುಕಿಕೊಳ್ಳಬೇಕು. ಹುಡಿಯಿರುವುದೋ ಕಡ್ಡಿಯಿರುವುದೋ, ಅಂಚಿನಲ್ಲಿಯೋ ನಡುವಿನಲ್ಲಿಯೋ ಎಂಬುದು ಎಲೆಯ ಬಗೆಯಲ್ಲಿ ಜಾತಿಗೆ ಮುಖ್ಯವಾದ ಗುರುತು.

ಇನ್ನು ಉಳಿದುದು ರಸಪರೀಕ್ಷೆ. ಶ್ವೆಂಡೆನರನನ್ನು ವಿರೋಧಿಸಿದ ಆ ನೈಲಾಂಡರನೇ 1866ರಲ್ಲಿ ಇದನ್ನು ಬಳಕೆಗೆ ತಂದನು. ಪೊಟ್ಯಾಷ್ ಕ್ಷಾರದ ದ್ರಾವಣದ ಒಂದು ಹನಿ, ಚೆಲುವೆಪುಡಿಯ ದ್ರಾವಣದ ಒಂದು ಹನಿ, ಇವೆರಡೇ ಉಪಕರಣ. ಕಲ್ಲುಹೂವಿನ ಶಿಲೀಂಧ್ರಗಳು ಬೇರೆಲ್ಲಿಯೂ ಅಪರೂಪವಾದ ಆಮ್ಲಗಳನ್ನು ತಮ್ಮ ಮೈಯಲ್ಲಿ ಶೇಖರಿಸುವುದರಿಂದ, ಹನಿ ಬಿದ್ದೊಡನೆ ಬಣ್ಣವು ಬದಲಾಗುತ್ತದೆ. ಮೇಲೆ ಹೇಳಿದ ಹಳದಿಯ ತೊಡಕು ಇದರಿಂದ ಬಹುಮಟ್ಟಿಗೆ ಬಿಡುತ್ತದೆ: ಕ್ಯಾಲೊಪ್ಲಾಕದ ಹಳದಿ ಕಿತ್ತಳೆಗಳು ಕ್ಷಾರದ ಹನಿಯಿಂದ ನೇರಳೆಯಾಗುವುವು, ಅಕರೋಸ್ಪೋರದ ಹಳದಿಯು ಹಾಗಾಗದು, ಕ್ಯಾಂಡೆಲಾರಿಯೆಲ್ಲದ್ದು ಬದಲಾಗದೆಯೇ ಉಳಿಯುವುದು ಇಲ್ಲವೆ ಸ್ವಲ್ಪ ಕೆಂಪಡರುವುದು. ಹನಿಯನ್ನು ಹೊರಪದರದ ಮೇಲೊಮ್ಮೆ, ಅದನ್ನು ಕೆರೆದು ಬಿಳಿಯ ತಿರುಳಿನ ಮೇಲೊಮ್ಮೆ ಹಾಕಬೇಕು. ಎರಡರ ಫಲವೂ ಬೇರೆಬೇರೆ. ಜಪಾನಿನ ಅಸಾಹಿನರು ಬಳಕೆಗೆ ತಂದ ಪ್ಯಾರಫಿನೈಲಿನ್‌ಡಯಾಮಿನ್ ಎಂಬ ಮೂರನೆಯ ದ್ರವ್ಯವು ಬಹು ಉಪಯುಕ್ತವಾದರೂ ವಿಷವಾದುದರಿಂದ ಪಾಠಶಾಲೆಗಳಿಗೆ ತಕ್ಕುದಲ್ಲ.

ಈ ಪರೀಕ್ಷೆಯನ್ನು ಉಪಾಧ್ಯಾಯರು ಕಾಡಿಗೆ ಹೋಗದೆಯೇ ಮಾಡಬಹುದು. ಗ್ರಂಧಿಗೆ ಅಂಗಡಿಯಲ್ಲಿ ಕಲ್ಲುಹೂವೆಂದು ಕೇಳಿದರೆ, ಮಸಾಲೆಯ ಪುಡಿಗೆ ಸೇರಿಸುವ, ಮೇಲೆ ಬೂದು ಕೆಳಗೆ ಕಪ್ಪಾದ, ಹಗುರವಾದ ಸುರುಳಿಗಳನ್ನು ಕೊಡುವರು. ಇದರಲ್ಲಿ ಹೆಚ್ಚಾಗಿರುವುದು ಪಾರ್ಮೊಟ್ರೀಮ ಎಂಬ ಕುಲ ಮತ್ತು ಅದರ ನೆಂಟರು. ಸುರುಳಿಯನ್ನು ನೆನೆಸಿ ಬಿಡಿಸಿ ನೋಡಿದರೆ ಅಂಚಿನಲ್ಲಿ ಕರಿಯ ರೆಪ್ಪೆಗೂದಲೂ ಹುಡಿಯ ಸಾಲೂ ಇರುವುದು ಪಾರ್ಮೊಟ್ರೀಮ ಪರ್ಲಾಟಂ. ಅದರ ತಿರುಳಿಗೆ ಕ್ಷಾರವನ್ನು ಹಾಕಿದರೆ ಹಳದಿ. ರೆಪ್ಪೆಗೂದಲಿಲ್ಲದೆ ಮೇಲ್ಮೈಯಲ್ಲಿ ಸಣ್ಣ ಕಡ್ಡಿಗಳಿದ್ದು, ತಿರುಳಿಗೆ ಚೆಲುವೆಪುಡಿಯ ಹನಿ ಬಿದ್ದೊಡನೆ ಕೆಂಪಾಗುವುದು ಪಾರ್ಮೊಟ್ರೀಮ ಟಿಂಕ್ಟೋರಂ. ಒಂದೇ ಪೊಟ್ಟಣದಲ್ಲಿ ಎರಡೂ, ಇನ್ನೂ ಕೆಲವೂ ಕಲೆತಿರುವುದು ಸಾಮಾನ್ಯ. ಸುರುಳಿಯ ಕೆಳಮೈಗೆ ಅಂಟಿರುವ ಚೂರುಗಳನ್ನೂ ನೋಡಬೇಕು: ಅವು ಬಹುಪಾಲು ಮರದ ತೊಗಟೆಯ ಚೂರುಗಳು, ಕಲ್ಲಿನವಲ್ಲ. ಅಂದರೆ ಅಂಗಡಿಯ ಕಲ್ಲುಹೂವು ಬಹುಮಟ್ಟಿಗೆ ಮರದಿಂದ ಕಿತ್ತುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿ, ಸೀಗೆ, ಅಂಟುವಾಳಗಳೊಡನೆ ಕಾಡಿನಿಂದ ತಂದು ತಮ್ಮ ಸಹಕಾರ ಸಂಘಕ್ಕೆ ಕೊಡುತ್ತಿದ್ದ ಲೈಕೆನ್ನೂ ಈ ಬಗೆಯ ಸರಕೇ. ಅಶ್ಮಪುಷ್ಪವೆಂಬ ಹೆಸರು ಯೋಗಾರ್ಥವನ್ನು ಬಿಟ್ಟು ರೂಢಿಯಲ್ಲಿ ನಿಂತಿತೆಂಬುದು ಇದರಿಂದ ಸ್ಪಷ್ಟ. ನಿಘಂಟುಕಾರರು ಶೈಲೇಯಕ್ಕೆ ‘ಕಲ್ಲಿನ ಮೇಲೆ ಬೆಳೆಯುವುದು’ ಎಂದಷ್ಟೇ ಅರ್ಥವನ್ನು ಬರೆದರೆ, ವೈದ್ಯನು ಬಳಸುವ ದ್ರವ್ಯಕ್ಕೇ ಆ ಲಕ್ಷಣವು ಹೊಂದದೆ ಅವ್ಯಾಪ್ತಿಯಾಗುತ್ತದೆ. ಬಂಡೆಯ ಮೇಲಿನ ಪರಿಮಳವಿಲ್ಲದ ಹಕ್ಕಳೆಗಳಿಗೆಲ್ಲ ಹೊಂದಿ ಅತಿವ್ಯಾಪ್ತಿಯೂ ಆಗುತ್ತದೆ. ಹಾಗಾದರೆ ಒಟ್ಟು ವರ್ಗಕ್ಕೆ ಲೈಕೆನ್ ಎಂದೂ, ಸುಗಂಧದ್ರವ್ಯವಾದ ಎಲೆಯ ಬಗೆಗೆ ಶೈಲೇಯವೆಂದೂ ವ್ಯವಸ್ಥೆಯನ್ನು ಮಾಡಿಕೊಳ್ಳುವುದು ಕೋಶರಚನೆಗೆ ಹಿತ. ಕಲ್ಲುಹೂವೆಂಬ ಕನ್ನಡದ ಮಾತು ಎರಡಕ್ಕೂ ಬಳಕೆಯಲ್ಲಿರುವುದರಿಂದ ಅದನ್ನು ಸಂದರ್ಭಕ್ಕೆ ಬಿಡಬಹುದು.

ಇತ್ತೀಚಿನ ದಶಕಗಳಲ್ಲಿ ವಂಶತಂತುಗಳ ಪರೀಕ್ಷೆಯಿಂದ ಕುಲವಿಭಾಗವು ಬಹಳ ಬದಲಾಗಿದೆ. ಹಳೆಯ ಪಾರ್ಮೀಲಿಯ ಕುಲವು ಒಡೆದು ಅನೇಕವಾಯಿತು. ಕ್ಯಾಲೊಪ್ಲಾಕವೂ 2013ರಿಂದೀಚೆಗೆ ಹಲವು ಕುಲಗಳಾಗಿ ಹಂಚಿಹೋಗುತ್ತಿದೆ. ಹೊಲದಲ್ಲಿ ನಿಂತು ಗುರುತಿಸುವವನಿಗೆ ಹಳೆಯ ವಿಶಾಲವಾದ ಹೆಸರುಗಳೇ ಸಾಕು. ಭಾರತದ ಜಾತಿಗಳಿಗೆ ಧರಣೀಧರ ಅವಸ್ಥಿಯವರು 1988ರಲ್ಲಿ ದೊಡ್ಡ ಲೈಕೆನ್‌ಗಳಿಗೂ 1991ರಲ್ಲಿ ಸಣ್ಣವಕ್ಕೂ ರಚಿಸಿದ ನಿರ್ಣಯಸೂಚಿಗಳು ಇಂದಿಗೂ ಕೈಗೆ ಎತ್ತಿಕೊಳ್ಳತಕ್ಕ ಗ್ರಂಥಗಳು. ಪಾಣಿನಿಯ ಸೂತ್ರಗಳಂತೆ ಅವು ‘ಹೀಗಿದ್ದರೆ ಇತ್ತ, ಇಲ್ಲದಿದ್ದರೆ ಅತ್ತ’ ಎಂದು ಉತ್ಸರ್ಗಾಪವಾದಗಳಿಂದ ನಡೆಯಿಸುತ್ತವೆ. ಮೊದಲ ಹೆಜ್ಜೆಯಲ್ಲಿ ತಪ್ಪಿದವನು ಕೊನೆಯಲ್ಲಿ ಇಲ್ಲದ ಊರನ್ನು ಸೇರುವನು.

ಬಂಡೆಯ ಜಾತಿಯೂ ಈ ನಿರ್ಣಯದಲ್ಲಿ ಒಂದು ಅಂಗ. ಹುಣಸೂರಿನ ಸುತ್ತ ಮುಖ್ಯವಾಗಿರುವುದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ. ಸರಗೂರಿನ ಸೀಮೆಯಲ್ಲಿ ಇದರ ನಡುವೆ ಬೆಣಚುಶಿಲೆ, ಅಮೃತಶಿಲೆ, ಕಬ್ಬಿಣ ಮೆಗ್ನೀಷಿಯಂಗಳು ಹೆಚ್ಚಾದ ಕರಿಯ ಶಿಲೆಗಳು ಪಟ್ಟಿಗಳಾಗಿ ಬಂದಿವೆ. ಸುಣ್ಣದಂಶದ ಕಲ್ಲನ್ನು ಮೆಚ್ಚುವ ಲೈಕೆನ್‌ಗಳೇ ಬೇರೆ, ಸಿಲಿಕದ ಕಲ್ಲನ್ನು ಮೆಚ್ಚುವುವೇ ಬೇರೆ. ಗಾರೆ ಬಳಿದ ಕಲ್ಲಿನ ಮೇಲೆ ಸುಣ್ಣದವುಗಳು ಬಂದು ನೆಲಸುವುದರಿಂದ, ಶಾಸನದ ಕಲ್ಲೊಂದರ ತುದಿಯಲ್ಲಿ ಮಾತ್ರ ಅಂತಹ ಜಾತಿಗಳು ಕಂಡರೆ ಅದು ಹಿಂದೊಮ್ಮೆ ಗೋಡೆಯಲ್ಲಿ ಸೇರಿದ್ದಿತೇ ಎಂದು ವಿಚಾರಿಸಲು ಎಡೆಯುಂಟು.

ಶಾಸನದ ಕಲ್ಲಿನಲ್ಲಿ ಈ ಪರಿಜ್ಞಾನದಿಂದ ಆಗುವ ಪ್ರಯೋಜನವನ್ನು ಈಗ ಹೇಳಬಹುದು. ಹಕ್ಕಳೆಯ ಬಗೆಯ ಶಿಲೀಂಧ್ರವು ತನ್ನ ನೂಲುಗಳನ್ನು ಕಲ್ಲಿನ ಹರಳುಗಳ ನಡುವೆ ಇಳಿಬಿಡುತ್ತದೆ. ಕೆಲವೆಡೆ ಅವು ಕೆಲವು ಮಿಲ್ಲಿಮೀಟರು ಆಳಕ್ಕೆ ಹೋಗುವುದುಂಟು. ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಮೈಯು ಹರಳುಗಳನ್ನು ಸಡಲಿಸುತ್ತದೆ. ಅದು ಸ್ರವಿಸುವ ಆಕ್ಸಾಲಿಕ್ ಆಮ್ಲವು ಖನಿಜವನ್ನು ತಿನ್ನುತ್ತದೆ. ಇದನ್ನು ಕೇಳಿದವನು ತಂತಿಯ ಕುಂಚವನ್ನು ಕೈಗೆತ್ತಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಅನರ್ಥವು ಅಲ್ಲಿಯೇ ಇದೆ. ನೂಲುಗಳು ಹಿಡಿದುಕೊಂಡಿರುವ ಸಡಲಿದ ಹರಳುಗಳು ಕುಂಚದ ಏಟಿಗೆ ಲೈಕೆನ್ನಿನೊಡನೆಯೇ ಕಿತ್ತುಬರುವುವು. ಅವುಗಳೊಡನೆ ಅಕ್ಷರದ ಅಂಚೂ ಹೋಗುವುದು. ಎಲೆಯ ಬಗೆಯು ಹಾಗಲ್ಲ. ಬೇರುನೂಲುಗಳಿಂದ ಮಾತ್ರ ಅಂಟಿರುವುದರಿಂದ, ನೀರಿನಲ್ಲಿ ನೆನೆಸಿ ಮೆದುವಾದ ಮೇಲೆ ಮರದ ಇಲ್ಲವೆ ಬಿದಿರಿನ ಚಪ್ಪಟೆ ಕಡ್ಡಿಯಿಂದ ಬಹುಭಾಗವನ್ನು ಎಬ್ಬಿಸಬಹುದು. ಯಾವುದು ಎಲೆ ಯಾವುದು ಹಕ್ಕಳೆಯೆಂಬ ವಿವೇಕವು ಶಾಸನದ ಉಳಿವಿಗೆ ಹೀಗೆ ನೇರವಾಗಿ ಸಂಬಂಧಿಸಿದೆ. ಹಕ್ಕಳೆಯನ್ನು ತೆಗೆಯಲೇಬೇಕಾದರೆ ಅದು ಪುರಾತತ್ತ್ವ ಇಲಾಖೆಯ ರಸಾಯನಜ್ಞರ ಕೆಲಸ. ತೆಳುವಾದ ಅಮೋನಿಯಾ ದ್ರಾವಣ ಮೊದಲಾದುವನ್ನು ಅವರು ಅಳತೆಯರಿತು ಬಳಸುವರು. ಸಂರಕ್ಷಿತ ಸ್ಮಾರಕಗಳ ಮೇಲೆ ಇತರರು ಕೈಮಾಡುವುದು ಕಾನೂನಿಗೂ ವಿರುದ್ಧ.

ಹಕ್ಕಳೆಯಿಂದ ಪಾಠದಲ್ಲಿಯೂ ದೋಷವು ಹುಟ್ಟುವ ಸಂಭವವುಂಟು. ಎಳೆಯ ಹಕ್ಕಳೆಗಳು ದುಂಡಾಗಿ ಬೆಳೆಯುವುವು. ಕೆಲವು ಜಾತಿಗಳಲ್ಲಿ ನಡುವು ಹಳತಾಗಿ ಉದುರಿ ಅಂಚು ಉಂಗುರದಂತೆ ಉಳಿಯುವುದು. ಒದ್ದೆಯ ಕಾಗದವನ್ನು ಕಲ್ಲಿಗೆ ಬಡಿದು ಮಸಿಯಚ್ಚನ್ನು ತೆಗೆದಾಗ ಇಂತಹ ಉಂಗುರವು ಅಕ್ಷರದ ಪಕ್ಕದಲ್ಲಿ ಸೊನ್ನೆಯಾಗಿ ತೋರಬಹುದು. ಅನುಸ್ವಾರವಿಲ್ಲದೆಡೆ ಅನುಸ್ವಾರ, ರಕಾರವಿದ್ದೆಡೆ ಠಕಾರದ ಶಂಕೆ ಬರಬಹುದು. ಅಚ್ಚನ್ನು ಮನೆಯಲ್ಲಿ ಕುಳಿತು ಓದುವವನಿಗೆ ಇದನ್ನು ತಿಳಿಯುವ ದಾರಿಯಿಲ್ಲ. ಆದುದರಿಂದ ಅಚ್ಚನ್ನು ತೆಗೆಯುವುದಕ್ಕೆ ಮುಂಚೆ, ಕಲ್ಲು ಒಣಗಿರುವಾಗ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಚಿತ್ರವನ್ನು ಹಿಡಿದು, ಯಾವ ಸಾಲಿನಲ್ಲಿ ಎಲ್ಲಿ ಹಕ್ಕಳೆಯಿದೆಯೆಂಬುದನ್ನು ಬರೆದಿಡತಕ್ಕುದು. ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಕಾರ್ಯವನ್ನು ನಡಸಿದೆ. ಇದರಲ್ಲಿ ಕುಳಿಗೂ ಉಬ್ಬಿಗೂ ಭೇದವು ಅಳತೆಯಿಂದಲೇ ಸಿಕ್ಕುವುದರಿಂದ ಉಬ್ಬಿದ ಹಕ್ಕಳೆಯು ಕೊರೆದ ಸೊನ್ನೆಯಾಗಲಾರದು.

ಕೆಲವರು ಲೈಕೆನ್ನಿನ ಅಗಲವನ್ನಳೆದು ವೀರಗಲ್ಲು ಮಾಸ್ತಿಗಲ್ಲುಗಳ ಕಾಲವನ್ನು ಹೇಳಬಹುದೆಂದು ಆಸೆಪಡುವುದುಂಟು. ಆಸ್ಟ್ರಿಯದ ರೋಲಂಡ್ ಬೆಷೆಲನು 1950ರಲ್ಲಿ ಈ ಕ್ರಮವನ್ನು ಹಿಮಪ್ರದೇಶದ ಕಲ್ಲುರಾಶಿಗಳಿಗಾಗಿ ನಿರೂಪಿಸಿದನು. ಅಲ್ಲಿ ಬಳಸುವ ರೈಜೋಕಾರ್ಪಾನ್ ಜಿಯೊಗ್ರಾಫಿಕಂ ಎಂಬುದು ಶೀತದೇಶದ, ಬಹು ಮೆಲ್ಲನೆ ವರ್ಷಕ್ಕೆ ಒಂದು ಮಿಲ್ಲಿಮೀಟರಿಗಿಂತ ಕಡಮೆ ಬೆಳೆಯುವ ಜಾತಿ. ಮೈಸೂರು ಸೀಮೆಯ ಬಯಲಿಗೆ ಅದನ್ನು ಹಾಗೆಯೇ ತರಲಾಗದು. ಬೆಳವಣಿಗೆಯ ವೇಗವನ್ನು ತೇದಿ ತಿಳಿದಿರುವ ಕಲ್ಲುಗಳಿಂದ ಮೊದಲು ಅಳೆಯಬೇಕು. ಅದಕ್ಕೆ ಕಾಲವು ಬರೆದಿರುವ ಶಾಸನಗಳೇ ಆಧಾರವಾಗಬೇಕು. ಆದರೆ ಕಲ್ಲು ಕಿತ್ತು ನೆಟ್ಟುದೇ, ತೊಳೆದುದೇ, ನೆರಳಿನಲ್ಲಿದ್ದಿತೇ ಎಂಬುದು ಬಹುಶಃ ಯಾರಿಗೂ ನೆನಪಿರದು. ಒಮ್ಮೆ ಉಜ್ಜಿದ ಕಲ್ಲಿನ ಲೈಕೆನ್ನು ಉಜ್ಜಿದವನ ಕಾಲವನ್ನು ಹೇಳೀತೇ ಹೊರತು ವೀರನ ಕಾಲವನ್ನಲ್ಲ.

ವೀರನಹೊಸಹಳ್ಳಿಯಲ್ಲಿ ಇದನ್ನು ಅಭ್ಯಾಸಮಾಡಲಿಚ್ಛಿಸುವವರು ಮತ್ತೊಂದನ್ನು ತಿಳಿದಿರಬೇಕು. ನಾಗರಹೊಳೆಯು 1955ರಲ್ಲಿ ವನ್ಯಧಾಮವಾಗಿ ಅನಂತರ ರಾಷ್ಟ್ರೀಯ ಉದ್ಯಾನವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದರೊಳಗಿಂದ ಒಂದು ಹಕ್ಕಳೆಯ ಚೂರನ್ನೂ ಅನುಮತಿಯಿಲ್ಲದೆ ತೆಗೆಯಕೂಡದು. ಎಲ್ಲೆಯ ಹೊರಗೆ, ಊರಿನ ಬಂಡೆಗಳಲ್ಲಿ, ಬರಹವಿಲ್ಲದ ಕಲ್ಲಿನಿಂದ, ಹಕ್ಕಳೆಯಾದರೆ ಸಣ್ಣ ಉಳಿಯಿಂದ ಕಲ್ಲಿನ ತೆಳುವಾದ ಚಕ್ಕೆಯೊಡನೆ, ಎಲೆಯಾದರೆ ನೆನೆಸಿ ಬಿಡಿಸಿ ತೆಗೆದುಕೊಳ್ಳಬೇಕು. ಇದಕ್ಕೆ ದ್ರವವೂ ಬೇಡ, ಗಾಜಿನ ಶೀಸೆಯೂ ಬೇಡ. ನೆರಳಿನಲ್ಲಿ ಒಣಗಿಸಿ ಮಡಿಸಿದ ಕಾಗದದ ಪೊಟ್ಟಣದಲ್ಲಿಟ್ಟರೆ ನೂರಾರು ವರ್ಷ ನಿಲ್ಲುತ್ತದೆ. ಪೊಟ್ಟಣದ ಮೇಲೆ ಊರು, ಬಂಡೆಯ ಜಾತಿ, ಅದು ಮುಖಮಾಡಿದ ದಿಕ್ಕು, ಬಿಸಿಲೋ ನೆರಳೋ, ತೆಗೆದ ದಿನ, ತೆಗೆದವರ ಹೆಸರು ಇಷ್ಟನ್ನೂ ಬರೆಯಬೇಕು. ಕ್ಷಾರದ ಹನಿಗೆ ಬಂದ ಬಣ್ಣವನ್ನೂ ಅಲ್ಲಿಯೇ ಗುರುತುಹಾಕಬೇಕು. ಲಖನೌ ನಗರದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾಲಯದಲ್ಲಿ ಅವಸ್ಥಿಯವರ ಸಂಗ್ರಹವೂ ಸೇರಿದಂತೆ ದೇಶದ ದೊಡ್ಡ ಲೈಕೆನ್‌ಭಂಡಾರವುಂಟು. ಸಂದೇಹ ಬಂದ ಪೊಟ್ಟಣವನ್ನು ಅಲ್ಲಿನ ಮಾದರಿಗಳೊಡನೆ ಹೋಲಿಸಿ ನಿರ್ಣಯಿಸಬಹುದು.